ಅಪ್ಪಾಜಿ ಗಟ್ಟಿಮುಟ್ಟಾಗಿದ್ದಾರೆ, ಆದರೂ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಜಾಸ್ತಿಯಾಗಿ 1.9 ಬಂದಿದೆ. ಕಿಡ್ನಿ ಕೆಟ್ಟರೆ ಗೊತ್ತಾಗುವುದೇ ಇಲ್ಲವಾ?

ಹೌದು, ಅರ್ಧಕ್ಕಿಂತ ಜಾಸ್ತಿ ಕೆಲಸ ನಿಂತರೂ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುವ ಜಾಲರಿಗಳಿವೆ. ಕೆಲವು ಸತ್ತರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊರುತ್ತವೆ. ನೋವಿಲ್ಲ, ಮೂತ್ರವೂ ಹೋಗುತ್ತಿರುತ್ತದೆ. ಆದರೆ ಜಾಸ್ತಿ ದುಡಿಯುವ ಜಾಲರಿಯೊಳಗೆ ರಕ್ತದ ಒತ್ತಡ ಏರಿ, ಅದೂ ಹಾಳಾಗುತ್ತದೆ. ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ನೀರು ಹಾಕಿದರೂ ಇಳಿಯದ ನೊರೆ ಅದರ ಸುಳಿವಿರಬಹುದು.

ಹೊಸ ಮಾತ್ರೆಗಳು ಹಿಡಿದಿರುವುದು ಈ ಒತ್ತಡವನ್ನೇ. ಡಾಪಾಗ್ಲಿಫ್ಲೋಜಿನ್ ಮೊದಲು ಶುಗರ್ ಮಾತ್ರೆಯಾಗಿತ್ತು. 2020ರಲ್ಲಿ ಹೊರಬಂದ 4,304 ರೋಗಿಗಳ ಅಧ್ಯಯನದಲ್ಲಿ, ಶುಗರ್ ಇಲ್ಲದವರಲ್ಲೂ ಅದು ಕಿಡ್ನಿ ಕುಸಿಯುವುದನ್ನು ನಿಧಾನ ಮಾಡಿತು. ಜಾಲರಿಗೆ ರಕ್ತ ತರುವ ನಾಳವನ್ನು ಅದು ತುಸು ಬಿಗಿ ಮಾಡುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಹಾಗಾಗಿ ಶುರುವಿನಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಸತ್ತ ಜಾಲರಿ ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನು ಕಾಯಬಹುದು ಅಷ್ಟೇ.

ನನಗೆ ನಿಜಕ್ಕೂ ಸಂಕಟ ಆಗುವುದು ನೋವಿನ ಗುಳಿಗೆ ವಿಷಯದಲ್ಲಿ. ನಮ್ಮ ಗದಗ ಕಡೆ ದಿನವಿಡೀ ಬಗ್ಗಿ ಮೆಣಸಿನಕಾಯಿ ಬಿಡಿಸಿ ಸೊಂಟ ಹಿಡಿದರೆ, ಸುಮ್ನೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾಗಿದ್ದರಂತೂ ಇನ್ನೂ ಅಪಾಯ. ಅಪ್ಪಾಜಿಯವರೂ ನುಂಗುತ್ತಿದ್ದರೆ ಮೊದಲು ಅದನ್ನು ಬಿಡಿಸಿ. ಬಿಪಿ ನೋಡಿಸಿ, ಮೂತ್ರದಲ್ಲಿ ಸೋರುವ ಪ್ರೋಟೀನ್ ಆದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ರೊಟ್ಟಿ ಬಿಡಬೇಕಿಲ್ಲ, ಜೊತೆಗಿನ ಉಪ್ಪಿನಕಾಯಿ ಕಡಿಮೆಯಾಗಲಿ.