ಕದ್ದ ಹಣ ಹುಂಡಿಗೆ ಹಾಕಿದರೆ ತೀರುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಮೈಸೂರು ಕಡೆಯವನು, ಕಥೋಲಿಕ ಕ್ರೈಸ್ತ. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಬಿಲ್ ಹಾಕದ ವ್ಯಾಪಾರದಲ್ಲಿ ವಾರಕ್ಕೆ 500, 600 ರೂಪಾಯಿ ಎತ್ತಿಕೊಳ್ಳುವುದು ನಾಲ್ಕು ವರ್ಷದಿಂದ ಅಭ್ಯಾಸವಾಗಿದೆ. ಈಸ್ಟರ್‌ಗೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲೂ ಗುರುಗಳ ಮುಂದೆ ತಪ್ಪು ಹೇಳಿಕೊಂಡು ಪಾಪನಿವೇದನೆ ಮಾಡಿ ಅಳುತ್ತೇನೆ. ಈಸ್ಟರ್ ಕಳೆದು ತಿಂಗಳಾಗುವುದರೊಳಗೆ ಮತ್ತೆ ಶುರು. ಹಾಗಾದರೆ ನನ್ನ ಪಶ್ಚಾತ್ತಾಪ ಸುಳ್ಳೇ? ಈ ಸಲ ಗುರುಗಳು ಹಣ ವಾಪಸ್ ಕೊಡಬೇಕು ಎಂದಿದ್ದಾರೆ. ಸಾಹುಕಾರರ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಅಷ್ಟೂ ಹಣವನ್ನು ಡೋರ್ನಹಳ್ಳಿಯ ಸಂತ ಅಂತೋಣಿಯವರ ಹುಂಡಿಗೆ ಹಾಕಿದರೆ ಆಗುವುದಿಲ್ಲವೇ? ಈ ಕೆಲಸ ಬಿಡಬೇಕೇ? ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುತ್ತೇನೆ, ಅದನ್ನೂ ಬಿಡಲೇ? ಎರಡು ವರ್ಷದ ಹಿಂದೆ ಲೆಕ್ಕ ತಾಳೆಯಾಗದೆ ಗೋಡೌನ್ ಹುಡುಗನನ್ನು ಸಾಹುಕಾರರು ಕೆಲಸದಿಂದ ತೆಗೆದರು, ಆಗಲೂ ಸುಮ್ಮನಿದ್ದೆ. ಹೆಂಡತಿಗೆ ಯಾವುದೂ ಗೊತ್ತಿಲ್ಲ.
— ಹೆಸರು ಬೇಡ

ಉತ್ತರ: ನಿಮ್ಮ ಪೂರ್ತಿ ಪತ್ರದಲ್ಲಿ ಹುಂಡಿಯ ವಿಚಾರವೇ ಒಂದು ಪುಟವಿತ್ತು. ಗೋಡೌನ್ ಹುಡುಗನಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಕೊನೆಯಲ್ಲಿ. ನನಗೆ ನಿದ್ದೆ ಕೆಡಿಸಿದ್ದು ಆ ಸಾಲು. ಅಲ್ಲಿಗೆ ಬರುತ್ತೇನೆ, ಮೊದಲು ಹುಂಡಿಯದ್ದು ಮುಗಿಸೋಣ.

ಆಗುವುದಿಲ್ಲ. ಹಣ ಸಾಹುಕಾರರದ್ದು, ಅವರು ಬದುಕಿದ್ದಾರೆ, ದಿನಾ ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಅವರ ಹಣವನ್ನು ನೀವು ದೇವರಿಗೆ ದಾನ ಕೊಡುವುದು ಹೇಗೆ? ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ಒಮ್ಮೆ ಓದಿ. ಮೋಸದಿಂದ ಪಡೆದದ್ದನ್ನು ಪೂರ್ತಿಯಾಗಿ, ಅದರ ಮೇಲೆ ಐದನೇ ಒಂದು ಪಾಲು ಸೇರಿಸಿ, ಅದು ಯಾರದ್ದೋ ಅವರಿಗೇ ಕೊಡಬೇಕು. ದೇವರಿಗೆ ಟಗರಿನ ಬಲಿ ಅದಾದ ಮೇಲೆ. ಕೊಡಲು ಆ ಮನುಷ್ಯನೂ ಇಲ್ಲ, ಹತ್ತಿರದ ನೆಂಟನೂ ಇಲ್ಲ ಎಂದಾಗ ಮಾತ್ರ ಅದು ದೇವರ ಪಾಲು, ಯಾಜಕರಿಗೆ ಸೇರಬೇಕು ಎಂದು ಸಂಖ್ಯಾಕಾಂಡದ 5ನೇ ಅಧ್ಯಾಯ ಹೇಳುತ್ತದೆ. ಯೇಸು ಸ್ವಾಮಿಯೂ ಇದೇ ಸರದಿಯನ್ನು ಹೇಳಿದರು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು, ನಿನ್ನ ಸಹೋದರನ ಜೊತೆ ಸರಿಮಾಡಿಕೊಂಡು ಬಂದು ಆಮೇಲೆ ಕೊಡು ಎಂದರು (ಮತ್ತಾಯ 5). ಡೋರ್ನಹಳ್ಳಿಗೆ ಜೂನ್ 13ರ ಹಬ್ಬಕ್ಕೆ ಧಾರಾಳವಾಗಿ ಹೋಗಿ ಬನ್ನಿ, ಮೇಣದಬತ್ತಿ ಹಚ್ಚಿ. ಬಸ್ ಚಾರ್ಜೂ ಮೇಣದಬತ್ತಿಯೂ ನಿಮ್ಮ ಸಂಬಳದ ದುಡ್ಡಿನದ್ದಾಗಿರಲಿ.

ಎಷ್ಟು ತೆಗೆದಿದ್ದೇನೆಂದು ಲೆಕ್ಕ ಇಟ್ಟಿಲ್ಲ ಅನ್ನುತ್ತೀರಿ. ಗಲ್ಲಾದಲ್ಲಿ ಕೂರುವವರಿಗೆ ಇದೊಂದು ಕಷ್ಟವೇ? ವಾರಕ್ಕೆ 600ರಂತೆ ನಾಲ್ಕು ವರ್ಷಕ್ಕೆ 1,25,000 ರೂಪಾಯಿಯ ಹತ್ತಿರ ಆಗುತ್ತದೆ. ಅನುಮಾನವಿದ್ದಲ್ಲಿ ಜಾಸ್ತಿಯನ್ನೇ ಹಿಡಿಯಿರಿ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ ಸುಂಕದವನು ಜಕ್ಕಾಯನ ಹಾಗೆ ನಾನೂ ಕೊಡಬೇಕೇ ಎಂದೂ ಕೇಳಿದ್ದೀರಿ. ಕಡ್ಡಾಯವಿಲ್ಲ. ಆದರೆ ಲೂಕನ 19ನೇ ಅಧ್ಯಾಯದಲ್ಲಿ ನನಗೆ ಹಿಡಿಸುವ ಸಂಗತಿ ಬೇರೆಯೇ ಇದೆ. ಹಣ ವಾಪಸ್ ಮಾಡು ಎಂದು ಯೇಸು ಅವನಿಗೆ ಹೇಳಲೇ ಇಲ್ಲ. ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದರು, ಅಷ್ಟೇ. ಕೊಡುವ ಮಾತನ್ನು ಎತ್ತಿದವನು ಜಕ್ಕಾಯನೇ. ಅವನು ಅತ್ತ ಎಂದೂ ಲೂಕ ಬರೆದಿಲ್ಲ. ನೀವು ಪ್ರತಿ ವರ್ಷ ಅಳುತ್ತೀರಿ, ಸರಿ. ಈ ವರ್ಷ ಅಳು ಬಾರದಿದ್ದರೂ ಪರವಾಗಿಲ್ಲ, ಮೊದಲ ಕಂತು ಹೊಂದಿಸಿ.

ಒಂದೇ ಸಲಕ್ಕೆ ಆಗದಿದ್ದರೆ ತಿಂಗಳಿಗೆ ಇಷ್ಟು ಎಂದು ಸಂಬಳದಲ್ಲಿ ಮುರಿಸಿ, ಚೀಟಿ ಎತ್ತಿದಾಗ ಒಂದಿಷ್ಟು ತೀರಿಸಿ. ಹೆಂಡತಿಯ ಸರವನ್ನು ಅವರಿಗೆ ಗೊತ್ತಾಗದ ಹಾಗೆ ಅಡವಿಡಬೇಡಿ. ಅದು ಇನ್ನೊಂದು ಕಳ್ಳತನ.

ಈಗ ಆ ಹುಡುಗನ ವಿಷಯ.

ಕದ್ದದ್ದನ್ನು ಕೊಡಲೇಬೇಕು ಎನ್ನುವ ಧರ್ಮಸಭೆ, ಕದ್ದವನು ಹೆಸರು ಹೇಳಿಕೊಳ್ಳಲೇಬೇಕು ಎನ್ನುವುದಿಲ್ಲ. ಗುರುಗಳ ಕೈಗೆ ಕೊಟ್ಟು, ಹೆಸರಿಲ್ಲದೆ ತಲುಪಿಸುವ ದಾರಿ ಹಿಂದಿನಿಂದಲೂ ಇದೆ. ನಿಮ್ಮ ವಿಷಯ ಬರೀ ಹಣದ್ದಾಗಿದ್ದರೆ ನಾನೂ ಅದನ್ನೇ ಸೂಚಿಸಿ ಪತ್ರ ಮುಗಿಸುತ್ತಿದ್ದೆ. ಆದರೆ ಲಕೋಟೆಯಲ್ಲಿ ಹೆಸರಿಲ್ಲದ ಹಣ ಬಂದರೆ ಸಾಹುಕಾರರು ಏನಂದುಕೊಳ್ಳುತ್ತಾರೆ? 'ಪಾಪ, ಆ ಗೋಡೌನ್ ಹುಡುಗನಿಗೆ ಬುದ್ಧಿ ಬಂದಿದೆ' ಅಂತ ತಾನೇ? ನೀವು ಹಣ ಹಿಂದಿರುಗಿಸಿದ್ದೇ ಅವನ ಮೇಲಿನ ಅನುಮಾನಕ್ಕೆ ಮೊಹರು ಒತ್ತಿದ ಹಾಗಾಗುತ್ತದೆ.

ಅವನ ಮೇಲೆ ನಾನು ಏನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿರಬಹುದು. ಪ್ರತಿ ಭಾನುವಾರ ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಮಾಡುವ ಪ್ರಾರ್ಥನೆಯಲ್ಲಿ, ಮಾಡಿದ ತಪ್ಪಿನ ಜೊತೆಗೇ ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ತಪ್ಪನ್ನೂ ಒಪ್ಪಿಕೊಳ್ಳುತ್ತೀರಿ. ಆ ದಿನ ನೀವು ಬಾಯಿ ಬಿಡದೆ ಇದ್ದದ್ದು ಅದೇ ತಪ್ಪು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೇ ಕಂಡಿಕೆ ಸ್ಪಷ್ಟವಾಗಿದೆ. ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಪಾಪದಿಂದ ಆದ ಹಾನಿಯನ್ನೆಲ್ಲ ತಾನೇ ಸರಿಮಾಡುವುದಿಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಕದ್ದ ವಸ್ತು ಹಿಂದಿರುಗಿಸುವುದರ ಪಕ್ಕದಲ್ಲೇ ಕೆಟ್ಟ ಹೆಸರು ಹೊತ್ತವನ ಹೆಸರು ಸರಿಪಡಿಸುವುದೂ ಇದೆ. ನಿಮ್ಮ ತಲೆ ಮೇಲೆ ಈಗ ಎರಡೂ ಇವೆ.

ಆದ್ದರಿಂದ ನಿಮ್ಮ ಮಟ್ಟಿಗೆ ನನ್ನ ಅಭಿಪ್ರಾಯ ಇದು. ಸಾಹುಕಾರರಿಗೆ ನೀವೇ ಹೇಳಬೇಕು. 'ಆ ಹುಡುಗನ ತಪ್ಪಿರಲಿಲ್ಲ, ತೆಗೆದವನು ನಾನು' ಎಂದೇ ಶುರು ಮಾಡಿ. ಕಷ್ಟ, ಮಗಳ ಫೀಸು, ಸಂಬಳ ಸಾಲದ್ದು, ಇವೆಲ್ಲ ಅವರು ಕೇಳಿದರೆ ಮಾತ್ರ.

ಭಯ ಸಹಜ. ಅವರು ಕೆಲಸದಿಂದ ತೆಗೆಯಬಹುದು, ಪೊಲೀಸ್ ದೂರನ್ನೂ ಕೊಡಬಹುದು. ಯಜಮಾನನ ಹಣವನ್ನು ನೌಕರ ತೆಗೆದುಕೊಳ್ಳುವುದು ಕಾನೂನಿನಲ್ಲಿ ಅಪರಾಧವೇ. ಹೋಗುವ ಮುಂಚೆ ಒಬ್ಬ ವಕೀಲರನ್ನು ಕಂಡು ವಿಷಯ ತಿಳಿದುಕೊಳ್ಳಿ. ಅದು ಹೇಡಿತನವಲ್ಲ. ನಿಮ್ಮ ಗುರುಗಳನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಒಂದು ಮಾತು: ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ನಿಮ್ಮ ಬಳಿಯೂ ತಾವಾಗಿ ಎತ್ತುವಂತಿಲ್ಲ. ಅವರ ಮನೆಗೆ ಹೋಗಿ ನೀವೇ ಇನ್ನೊಮ್ಮೆ ಎಲ್ಲ ಹೇಳಿ ಸಹಾಯ ಕೇಳಬೇಕು. ಅವರು ಸುಮ್ನೆ ಇದ್ದಾರೆ ಎಂದು ಕಾಯುತ್ತಾ ಕೂರಬೇಡಿ.

ಹುಡುಗ ಈಗ ಎಲ್ಲಿದ್ದಾನೋ ಹುಡುಕಿ. ಆಮೇಲೆ ಅವನಿಗೆ ಎಷ್ಟು ದಿನ ಕೆಲಸ ಸಿಗಲಿಲ್ಲ, ಊರಲ್ಲಿ ಏನು ಕೇಳಬೇಕಾಯಿತು, ಇದನ್ನು ಅವನ ಬಾಯಲ್ಲೇ ಕೇಳಬೇಕು. ಸಾಹುಕಾರರಿಗೆ ಹೇಳುವುದಕ್ಕಿಂತ ಇದೇ ಕಷ್ಟವಾಗಬಹುದು. ಅವನು ಕ್ಷಮಿಸುತ್ತಾನೆ ಎಂದು ಲೆಕ್ಕ ಹಾಕಿಕೊಂಡು ಹೋಗಬೇಡಿ. ಕ್ಷಮಿಸದೆ ಇರುವ ಹಕ್ಕೂ ಅವನಿಗಿದೆ ಎಂದು ಇಟ್ಟುಕೊಳ್ಳಿ.

ಪದೇ ಪದೇ ಬೀಳುತ್ತೀರಿ ಎಂಬ ಮಾತ್ರಕ್ಕೆ ನಿಮ್ಮ ಪಶ್ಚಾತ್ತಾಪ ಸುಳ್ಳಾಗುವುದಿಲ್ಲ. ನಿಜವಾಗಿ ಬಿಡಬೇಕೆಂಬ ಮನಸ್ಸಿದ್ದರೆ ಸಾಕು, ಮುಂದೆ ಬೀಳುವುದೇ ಇಲ್ಲ ಎಂಬ ಗ್ಯಾರಂಟಿಯನ್ನು ಯಾರೂ ಕೇಳಿಲ್ಲ. ಯೇಸು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ ಶಿಷ್ಯ ಪೇತ್ರನಿಗೇ ಯೇಸು ನನ್ನ ಕುರಿಗಳನ್ನು ಮೇಯಿಸು ಎಂದರು. ಆದರೆ ನಿಮ್ಮಲ್ಲಿ ನನಗೆ ಕಾಣುವ ತೊಡಕು ಏನೆಂದರೆ, ಮನಸ್ಸು ಬದಲಾಗುತ್ತದೆ, ಗಲ್ಲಾಪೆಟ್ಟಿಗೆ ಹಾಗೇ ಇರುತ್ತದೆ. ಕ್ಯೂಆರ್ ಕೋಡ್‌ನಲ್ಲಿ ಬಂದ ಹಣ ನೇರ ಸಾಹುಕಾರರ ಖಾತೆಗೆ ಹೋಗುವುದರಿಂದ ಅಲ್ಲಿ ಕೈ ಹಾಕಲಾಗುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ನೋಡಿ, ಆ ಕಡೆ ಪ್ರಾರ್ಥನೆ ಇಲ್ಲದೆಯೂ ನೀವು ಪ್ರಾಮಾಣಿಕರು! ನಗದು ವ್ಯಾಪಾರಕ್ಕೂ ಅಂಥ ಏರ್ಪಾಡು ಮಾಡಿಸಿ. ಒಂದು ಕೆ.ಜಿ. ಮೊಳೆಗೂ ಕ್ರಮಸಂಖ್ಯೆ ಇರುವ ಬಿಲ್ ಪುಸ್ತಕ, ಕಾರ್ಬನ್ ಪ್ರತಿ, ರಾತ್ರಿ ಬೀಗ ಹಾಕುವ ಮೊದಲು ಇನ್ನೊಬ್ಬರ ಎದುರು ಎಣಿಕೆ, ಅವರ ಸಹಿ. ಪಾಪಕ್ಕೆ ಎಳೆಯುವ ಸಂದರ್ಭದಿಂದ ದೂರ ಇರುತ್ತೇನೆ ಎಂದು ಪಶ್ಚಾತ್ತಾಪದ ಪ್ರಾರ್ಥನೆಯಲ್ಲಿ ಮಾತು ಕೊಡುವುದು ಇದಕ್ಕೇ.

ಜೊತೆಗೆ ಲೊಯೋಲದ ಇಗ್ನೇಷಿಯಸ್ ಕಲಿಸಿದ ಒಂದು ರೂಢಿ ನಿಮಗೆ ಚೆನ್ನಾಗಿ ಒಗ್ಗುತ್ತದೆ ಎನಿಸುತ್ತದೆ. ಆತ ಮೊದಲು ಸೈನಿಕ, ಆಮೇಲೆ ಸಂತ. 1548ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಆತ ಹೇಳುವುದು ಹೆಚ್ಚುಕಡಿಮೆ ಲೆಕ್ಕ ಬರೆಯುವ ಕೆಲಸವನ್ನೇ. ತಿದ್ದಿಕೊಳ್ಳಲು ಒಂದೇ ಒಂದು ತಪ್ಪು ಆರಿಸಿಕೋ. ಬೆಳಿಗ್ಗೆ ಎದ್ದಾಗ ಅದನ್ನು ನೆನೆದು ಎಚ್ಚರವಾಗು. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ಗಂಟೆ ಗಂಟೆಯನ್ನೂ ನೆನಪಿಸಿಕೊಂಡು, ಎಷ್ಟು ಸಲ ಬಿದ್ದೆಯೋ ಅಷ್ಟು ಚುಕ್ಕೆ ಗೀಟಿನ ಮೇಲೆ ಇಡು. ದಿನಕ್ಕೆ ಎರಡು ಗೀಟು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ನಿನ್ನೆಗೂ ಇಂದಿಗೂ, ಈ ವಾರಕ್ಕೂ ಹೋದ ವಾರಕ್ಕೂ ಹೋಲಿಸು. ಕೈ ಹಾಕಲು ಹೋಗಿ ತಡೆದುಕೊಂಡದ್ದನ್ನೂ ನೀವು ಬೇರೆ ಗುರುತಿನಲ್ಲಿ ಬರೆದುಕೊಳ್ಳಬಹುದು. ಇದು ನನ್ನ ಸೇರ್ಪಡೆ, ಸಂತರದ್ದಲ್ಲ. ವರ್ಷಕ್ಕೊಮ್ಮೆ ತಪಸ್ಸುಕಾಲದಲ್ಲಿ ಅಳುವುದಕ್ಕಿಂತ ಪ್ರತಿ ತಿಂಗಳು ನಿಮ್ಮ ಈ ಚುಕ್ಕೆ ಲೆಕ್ಕದ ಪುಸ್ತಕ ಹಿಡಿದು ಪಾಪನಿವೇದನೆಗೆ ಹೋಗುವುದು ಮೇಲು.

ಕೆಲಸ ಬಿಡಬೇಕೇ? ಸುವಾರ್ತೆಯಲ್ಲಿ ಎರಡೂ ಇದೆ. ಸುಂಕದವನಾಗಿದ್ದ ಲೇವಿ ಯೇಸು ಕರೆದಾಗ ಸುಂಕದ ಕಟ್ಟೆಯನ್ನೇ ಬಿಟ್ಟು ಎದ್ದ. ಆದರೆ ನಾವೇನು ಮಾಡಬೇಕು ಎಂದು ಕೇಳಲು ಬಂದ ಸುಂಕದವರಿಗೆ ಸ್ನಾನಿಕ ಯೊವಾನ್ನ ಕೆಲಸ ಬಿಡಿ ಎನ್ನಲಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ (ಲೂಕ 3). ಸಾಹುಕಾರರು ಇಟ್ಟುಕೊಂಡರೆ ಇರಿ. ಗಲ್ಲಾದ ಬದಲು ಸ್ಟಾಕ್ ನೋಡಿಕೊಳ್ಳುತ್ತೇನೆ ಎಂದು ನೀವೇ ಕೇಳಿಕೊಳ್ಳಬಹುದು. ವಾಚನ ಬಿಡಬೇಡಿ. ಓದುವಾಗ ನಾಚಿಕೆಯಾದರೆ ಆಗಲಿ.

ಇನ್ನು ಹೆಂಡತಿ. ಅವರಿಗೆ ಹೇಳುವುದು ಸಾಹುಕಾರರಿಗಿಂತ ಮೊದಲು, ಈ ವಾರದಲ್ಲೇ, ಮಗಳು ಮಲಗಿದ ಮೇಲೆ. ಸಂಬಳ ಮುರಿದರೆ ಸಂಸಾರ ನಡೆಸಬೇಕಾದವರು ಅವರು. ಕೆಲಸ ಹೋದರೆ ಊರಿನ ಮಾತು ಕೇಳಬೇಕಾದವರೂ ಅವರೇ. ಕಂತು ಎಷ್ಟು ಎಂಬುದನ್ನು ಇಬ್ಬರೂ ಕೂತು ಬರೆಯಿರಿ. ಅವರು ಕೆಲವು ದಿನ ಮಾತು ಬಿಟ್ಟರೆ ತಡೆದುಕೊಳ್ಳಿ, ಪ್ರಾರ್ಥನೆಯ ಹೆಸರು ಹೇಳಿ ಬೇಗ ಕ್ಷಮಿಸು ಎಂದು ಮಾತ್ರ ಒತ್ತಾಯ ಮಾಡಬೇಡಿ.