ಮನೆಯ ಪೋಕರ್ ಆಟದಲ್ಲಿ ಪ್ರತಿ ವಾರ ನಾನೇ ಗೆಲ್ಲುತ್ತೇನೆ, ಗೆಳೆಯರು ಬರುವುದು ಬಿಡುತ್ತಿದ್ದಾರೆ. ಏನು ಮಾಡಲಿ?

ಬೇಕಂತಲೇ ಸ್ವಲ್ಪ ಸೋಲಲೇ, ಇಲ್ಲ ಇವರನ್ನು ಬಿಟ್ಟು ದೊಡ್ಡ ಆಟ ಹುಡುಕಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಯಾಕೆ ಬೇಡ ಅನ್ನುವುದಕ್ಕೆ ಮುಂಬೈಯ ಮುಲುಂಡಿನಲ್ಲಿ ನಮ್ಮ ಆಟ ಹೇಗೆ ನಿಂತುಹೋಯಿತು ಅನ್ನುವುದನ್ನು ಹೇಳಬೇಕು.

ನಾವು ಏಳು ಮಂದಿ. ಉಡುಪಿ, ಕಾರ್ಕಳ, ಕುಂದಾಪುರ, ಎಲ್ಲ ಊರ ಕಡೆಯವರೇ. ಆಟ ನಡೆಯುತ್ತಿದ್ದದ್ದು ಶೆಟ್ರ ಮನೆಯಲ್ಲಿ. ಶನಿವಾರ ರಾತ್ರಿ ಅವರು ಹೋಟೆಲಿನ ಶಟರ್ ಎಳೆದು, ಗಲ್ಲಾ ಎಣಿಸಿ, ಮನೆಗೆ ಬಂದು ಸ್ನಾನ ಮಾಡಿ ಕೂತ ಮೇಲೇ ಎಲೆ ಹಂಚುವುದು. ಹೋಟೆಲಿನ ಒಳಗೆ ಮಾತ್ರ ಅವರು ಎಂದೂ ಇಸ್ಪೀಟು ಮುಟ್ಟಲು ಬಿಟ್ಟವರಲ್ಲ, ಲೈಸೆನ್ಸ್ ಇರುವ ಜಾಗ ಅದು ಎನ್ನುತ್ತಿದ್ದರು. ನನ್ನ ತಂಗಿಯ ಗಂಡ ಇದ್ದ, ಬ್ಯಾಂಕಿನ ಇಬ್ಬರು ಇದ್ದರು, ಮೆಡಿಕಲ್ ಶಾಪ್ ಇಟ್ಟಿದ್ದ ಒಬ್ಬರು ಇದ್ದರು. ಎಲ್ಲರಿಗಿಂತ ಕೊನೆಗೆ ಸೇರಿದವನು ಕುಂದಾಪುರದ ಹುಡುಗ, ಮೊದಲ ಕೆಲಸ, ಭಾಂಡುಪಿನಲ್ಲಿ ಮೂರು ಜನರ ಜೊತೆ ಒಂದು ರೂಮು.

ಮೊದಲೆಲ್ಲ ರಮ್ಮಿ, ದೀಪಾವಳಿ ಬಂದರೆ ತೀನ್ ಪತ್ತಿ. ಪೋಕರ್ ತಂದದ್ದು ನಾನು. ಟೆಕ್ಸಸ್ ಹೋಲ್ಡೆಮ್: ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಬ್ಲೈಂಡ್ 5-10, ಕೂರಲು ಹಾಕುವ ಬೈ-ಇನ್ 1000 ರೂಪಾಯಿ, ಮುಗಿದರೆ ಮತ್ತೆ 1000 ಹಾಕಿ ಕೂರಬಹುದು. ಎಷ್ಟು ಸಲ ಬೇಕಾದರೂ. ಈ ಕೊನೆಯ ನಿಯಮದ ಬಗ್ಗೆ ಆಗ ಯಾರೂ ಯೋಚಿಸಲಿಲ್ಲ.

ನಾನು ಗೆಲ್ಲುತ್ತಿದ್ದುದರಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಅವರೆಲ್ಲ ವಾರವಿಡೀ ದುಡಿದು ಆಡಲಿಕ್ಕೆಂದು ಬಂದವರು, ಹಾಗಾಗಿ ಪ್ರತಿ ಎಲೆಯನ್ನೂ ಆಡುತ್ತಿದ್ದರು. ತೀನ್ ಪತ್ತಿಯಲ್ಲಿ ಬ್ಲೈಂಡ್ ಆಡಿ ಅಭ್ಯಾಸವಾದ ಶೆಟ್ರು ಪೋಕರಿನಲ್ಲೂ ಎಷ್ಟೋ ಸಲ ಎಲೆ ನೋಡದೆಯೇ ಚಿಪ್ ತಳ್ಳುತ್ತಿದ್ದರು. ನಾನು ಎಲೆ ಕೆಟ್ಟದಿದ್ದರೆ ಬಿಟ್ಟುಬಿಡುತ್ತಿದ್ದೆ, ಒಳ್ಳೆಯದು ಬಂದಾಗ ಜೋರಾಗಿ ಕಟ್ಟುತ್ತಿದ್ದೆ. ಬ್ಲಫ್, ಅಂದರೆ ಕೆಟ್ಟ ಎಲೆ ಇದ್ದೂ ಜೋರಾಗಿ ಕಟ್ಟಿ ಹೆದರಿಸುವುದು, ಬೇಕಾಗಿಯೇ ಇರಲಿಲ್ಲ, ಯಾಕೆಂದರೆ ಯಾರೂ ಎಲೆ ಬಿಟ್ಟು ಫೋಲ್ಡ್ ಮಾಡುತ್ತಿರಲಿಲ್ಲ. ನಿಮ್ಮ ಮನೆಯ ಆಟವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಒಂದು ಆಟ ಹೇಳುತ್ತೇನೆ. ನನ್ನ ಕೈಯಲ್ಲಿ ಎಕ್ಕ, ರಾಜ, ಎರಡೂ ಇಸ್ಪೀಟು. ಕುಂದಾಪುರದ ಹುಡುಗನ ಕೈಯಲ್ಲಿ ಆಟೀನ್ ಏಳು, ಆಟೀನ್ ಆರು. ಫ್ಲಾಪ್‌ನಲ್ಲಿ, ಅಂದರೆ ನಡುವಿನ ಮೊದಲ ಮೂರು ಎಲೆಯಲ್ಲಿ, ಆಟೀನ್ ರಾಜ, ಆಟೀನ್ ಎಂಟು, ಕಳಾವರ್ ಮೂರು ಬಿತ್ತು. ನನಗೆ ರಾಜನ ಜೋಡಿ ಆಯಿತು, ಅವನಿಗೆ ಇನ್ನೊಂದು ಆಟೀನ್ ಬಂದರೆ ಐದೂ ಆಟೀನ್, ಅಂದರೆ ಫ್ಲಶ್, ನನ್ನ ಜೋಡಿಗಿಂತ ದೊಡ್ಡದು. ನಾಲ್ಕನೇ ಎಲೆ ಯಾರಿಗೂ ಉಪಯೋಗಕ್ಕೆ ಬಾರದ್ದು. ಪಾಟಿನಲ್ಲಿ, ಅಂದರೆ ನಡುವೆ ಕಟ್ಟಿದ ರಾಶಿಯಲ್ಲಿ, 600 ಇತ್ತು, ನಾನು 600 ಕಟ್ಟಿದೆ. ಹೊರಗೆ ಉಳಿದ ಆಟೀನ್ ಒಂಬತ್ತು, ಕಾಣದ ಎಲೆ 46. ಅಂದರೆ ಐದರಲ್ಲಿ ಒಂದು ಸಲ ಅವನಿಗೆ ಬೇಕಾದ್ದು ಬರುತ್ತದೆ. 600 ಹಾಕಿ ಒಟ್ಟು 1800ರ ಪಾಟಿಗೆ ಕೈ ಹಾಕಬೇಕಾದರೆ ಮೂರರಲ್ಲಿ ಒಂದು ಸಲವಾದರೂ ಬರಬೇಕು. ಅವನೂ 600 ಹಾಕಿ ಕಾಲ್ ಮಾಡಿದ. ಆಟೀನ್ ಬರಲಿಲ್ಲ. ಆಮೇಲೆ ನಾನು ಈ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಿದಾಗ ಕಿವಿಗೊಟ್ಟು ಕೇಳಿದ, ಚಿಪ್ಸ್ ಜೋಡಿಸುತ್ತಾ "ಇನ್ನೊಮ್ಮೆ ಹೇಳಿ ಅಣ್ಣ" ಅಂದ. ಕಲಿಯುವ ಆಸೆ ಅವನಲ್ಲಿ ನಿಜವಾಗಿಯೂ ಇತ್ತು.

ಸೋಲುತ್ತಿದ್ದರೂ ಅವರೆಲ್ಲ ಮತ್ತೆ ಮತ್ತೆ ಬರುತ್ತಿದ್ದುದಕ್ಕೆ ಕಾರಣ ಆ ಐದರಲ್ಲಿ ಒಂದು ಸಲವೇ. ಅದು ಬಂದ ರಾತ್ರಿ ಹುಡುಗ ನನ್ನ ಮುಂದಿನ ಚಿಪ್ಸನ್ನೆಲ್ಲ ಎರಡು ಕೈಯಲ್ಲಿ ಎಳೆದುಕೊಂಡಿದ್ದ. ತಿಂಗಳುಗಟ್ಟಲೆ ಅದೇ ಮಾತು. ಚೆಸ್‌ನಲ್ಲಿ ದುರ್ಬಲ ಆಟಗಾರನಿಗೆ ಇಂಥ ರಾತ್ರಿ ಸಿಗುವುದೇ ಇಲ್ಲ, ಪೋಕರಿನಲ್ಲಿ ಸಿಗುತ್ತದೆ. ವಾರಕ್ಕೆ ಸಾವಿರ ಹೋದರೂ ಒಂದು ಸಿನಿಮಾ, ಒಂದು ಊಟ ಅಂದುಕೊಂಡು ಮನೆಗೆ ಹೋಗಬಹುದು. ಪ್ರತಿಯೊಬ್ಬರೂ ತಾವು ಹೆಚ್ಚುಕಡಿಮೆ ಸರಿಸಮ ಇದ್ದೇವೆ, ಸ್ವಲ್ಪ ಹೋಗಿರಬಹುದು, ಸ್ವಲ್ಪ ಬಂದಿದೆ ಅಂತಲೇ ನಂಬಿದ್ದರು.

ಆ ನಂಬಿಕೆಯನ್ನು ಮುರಿದವನು ನಾನು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವವರಿದ್ದೀರಿ ಅನ್ನಿಸುತ್ತದೆ. "ಪ್ರತಿ ವಾರದ ಲೆಕ್ಕ ನನ್ನ ಬಳಿ ಇದೆ" ಎಂದು ಪ್ರಶ್ನೆಯಲ್ಲೇ ಬರೆದಿದ್ದೀರಿ.

ನಮ್ಮಲ್ಲಿಯೂ ಲೆಕ್ಕ ಬರೆಯುತ್ತಿದ್ದವನು ನಾನೇ. ರಾತ್ರಿ ಕೊನೆಗೆ ಚಿಪ್ಸ್ ಎಣಿಸಿ ಯಾರು ಯಾರಿಗೆ ಎಷ್ಟು ಅಂತ ಫೋನಿನಲ್ಲಿ ಹಾಕಿಕೊಳ್ಳುತ್ತಿದ್ದೆ, ಎಲ್ಲರೂ ಯುಪಿಐ ಮಾಡುತ್ತಿದ್ದರು. ಆ ವರ್ಷ ದೀಪಾವಳಿ ಬಂತು. ಮುಂಬೈಯಲ್ಲಿ ಗುಜರಾತಿ ವ್ಯಾಪಾರಿಗಳು ಲಕ್ಷ್ಮೀ ಪೂಜೆಯ ದಿನ ಚೋಪ್ಡಾ ಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ, ನಮ್ಮ ಹೋಟೆಲಿನವರೂ ಗಲ್ಲಾಕ್ಕೆ ಪೂಜೆ ಮಾಡುತ್ತಾರೆ. ಅದೇ ಉತ್ಸಾಹದಲ್ಲಿ ನಾನು ಇಡೀ ವರ್ಷದ್ದನ್ನು ಕೂಡಿಸಿ, ಏಳು ಹೆಸರು, ಏಳು ಮೊತ್ತ, ಗೆದ್ದದ್ದು ಹಸಿರು, ಸೋತದ್ದು ಕೆಂಪು, ನೀಟಾಗಿ ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಸಿರು ಒಂದೇ ಒಂದು.

ಜಂಬ ತೋರಿಸಲಿಕ್ಕೆ ಹಾಕಿದ್ದಲ್ಲ. ಗೆಲ್ಲುವವನೂ ನಾನೇ, ಲೆಕ್ಕ ಬರೆಯುವವನೂ ನಾನೇ. ನಾಳೆ ಯಾರಿಗೂ ಅನುಮಾನ ಬರಬಾರದು, ಎಲ್ಲವೂ ತೆರೆದಿರಲಿ ಅಂತ ಹಾಕಿದ್ದು. ಆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಇರಲಿಲ್ಲ. ಆದರೆ ವಾರದ ಸಾವಿರ ಬೇರೆ, ವರ್ಷದ ಮೊತ್ತ ಬೇರೆ. ವಾರದ ಸಾವಿರದ ಜೊತೆ ಶೆಟ್ರ ಮನೆಯ ಬಿಸಿ ಗೋಳಿಬಜೆ ಇದೆ, ನಗು ಇದೆ, ಬೆಳಗಿನ ಮೊದಲ ಲೋಕಲ್ ಹಿಡಿಯಲು ಒಟ್ಟಿಗೆ ನಡೆದದ್ದು ಇದೆ. ವರ್ಷದ ಮೊತ್ತದ ಜೊತೆ ಏನೂ ಇಲ್ಲ, ಅದು ಬರೀ ಸಂಖ್ಯೆ. ಅದನ್ನು ಮನುಷ್ಯ ಮನೆ ಬಾಡಿಗೆಯ ಪಕ್ಕದಲ್ಲಿಟ್ಟು ನೋಡುತ್ತಾನೆ, ಮಕ್ಕಳ ಫೀಸಿನ ಪಕ್ಕದಲ್ಲಿಟ್ಟು ನೋಡುತ್ತಾನೆ. ಕುಂದಾಪುರದ ಹುಡುಗನ ಹೆಸರಿನ ಮುಂದಿದ್ದದ್ದು ಅವನು ಊರಿಗೆ ತಿಂಗಳುಗಟ್ಟಲೆ ಕಳಿಸುವ ದುಡ್ಡಿಗೆ ಸಮ. ನಾನು ಅದನ್ನು ಟೈಪ್ ಮಾಡುವಾಗಲೂ ಹಾಗೆ ನೋಡಿರಲಿಲ್ಲ. ಅವನು ನೋಡಿದ.

ಗ್ರೂಪಿನಲ್ಲಿ ಯಾರೂ ಜಗಳ ಮಾಡಲಿಲ್ಲ. ಶೆಟ್ರು "ಲೆಕ್ಕ ಸರಿ ಉಂಟು" ಅಂತ ಬರೆದರು. ಮರುದಿನ ಬೆಳಿಗ್ಗೆ ತಂಗಿಯ ಫೋನ್ ಬಂತು, ಗಂಡನ ಮೊಬೈಲಿನಲ್ಲಿ ಪಟ್ಟಿ ನೋಡಿದ್ದಳು. "ಅಣ್ಣಾ, ಒಂದು ವರ್ಷ ನಮ್ಮನೆ ದುಡ್ಡು ನಿನ್ನ ಮನೆಗೆ ಬರ್ತಾ ಇತ್ತಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆಟದಲ್ಲಿ ಗೆದ್ದದ್ದು ಅನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಅವಳು ಹೇಳಿದ್ದೂ ನಿಜವೇ.

ಮುಂದಿನ ಶನಿವಾರ ಒಬ್ಬರಿಗೆ ಮನೆಗೆ ನೆಂಟರು, ಇನ್ನೊಬ್ಬರಿಗೆ ಭಾನುವಾರ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್, ಬೇಗ ಹೊರಡಬೇಕು. ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಹೊಸ ವರ್ಷ ಬರುವಷ್ಟರಲ್ಲಿ ಆಟ ನಿಂತಿತು.

ಆಗ ನಾನೂ ನಿಮ್ಮ ಹಾಗೆಯೇ ದೊಡ್ಡ ಆಟ ಹುಡುಕಿದೆ. ಪಣಜಿಗೆ ಹೋಗಿ ಮಾಂಡೋವಿ ನದಿಯಲ್ಲಿ ನಿಂತ ಹಡಗಿನ ಕ್ಯಾಸಿನೋದಲ್ಲಿ ಕೂತೆ. ಅಲ್ಲಿ ನನ್ನೆದುರು ಕೂತವರಿಗೆ ಎಲೆ ಬಿಡಲು ಗೊತ್ತಿತ್ತು. ನಾನು ಕಟ್ಟಿದಾಗ ಅವರು ಫೋಲ್ಡ್ ಮಾಡುತ್ತಿದ್ದರು, ಅವರು ನನ್ನ ಮೇಲೆ ಇನ್ನೂ ಹೆಚ್ಚು ಕಟ್ಟಿ ರೈಸ್ ಮಾಡಿದಾಗ ನನಗೆ ದಿಕ್ಕು ತೋಚುತ್ತಿರಲಿಲ್ಲ. ಮೇಲಿಂದ ಪ್ರತಿ ಪಾಟಿನಲ್ಲೂ ಕ್ಯಾಸಿನೋದವರ ಪಾಲು, ರೇಕ್, ಕತ್ತರಿಸಿಕೊಳ್ಳುತ್ತಾರೆ. ಗೆಳೆಯರ ಮನೆಯಲ್ಲಿ ಅದು ಇರುವುದಿಲ್ಲ. ದುಡ್ಡಿಟ್ಟು ಆನ್‌ಲೈನ್ ಆಡುವ ದಾರಿಯನ್ನು 2025ರ ಕೇಂದ್ರದ ಕಾಯ್ದೆ ಮುಚ್ಚಿದೆ, ಆ ಯೋಚನೆ ಬಿಡಿ.

ಆದ್ದರಿಂದ "ನಾನು ಎಲ್ಲರಿಗಿಂತ ಬಲವಾದ ಆಟಗಾರ" ಅನ್ನುವ ನಿಮ್ಮ ಮಾತನ್ನೇ ನಾನು ಪೂರ್ತಿ ಒಪ್ಪುವುದಿಲ್ಲ. ನೀವು ಆ ಒಂದು ಕೋಣೆಯಲ್ಲಿ ಬಲವಾದವರು, ಅಷ್ಟೇ. ಮನೆಯಲ್ಲಿ ನಾವೇ ಎಲೆ ಹಂಚಿಕೊಂಡು ಆಡಿದರೆ ಗಂಟೆಗೆ ಹೆಚ್ಚೆಂದರೆ 25 ಹ್ಯಾಂಡ್, ಅಂದರೆ 25 ಸಲ ಎಲೆ ಹಂಚಿ ಆಡಿದ್ದು, ಆಗುತ್ತದೆ. ರಾತ್ರಿಗೆ ನಾಲ್ಕು ಗಂಟೆ, ವರ್ಷಕ್ಕೆ 50 ಶನಿವಾರ ಅಂದರೂ 5000 ಹ್ಯಾಂಡ್. ಇದರಲ್ಲಿ ಅದೃಷ್ಟ ಎಷ್ಟು, ಕೌಶಲ ಎಷ್ಟು ಅಂತ ಬಿಡಿಸಿ ಹೇಳಲು ಅದು ಸಾಲದು. ಗಂಭೀರವಾಗಿ ಆಡುವವರು ತಮ್ಮ ಆಟವನ್ನು ಅಳೆಯಲು ಹತ್ತಾರು ಸಾವಿರ ಹ್ಯಾಂಡ್ ನೋಡುತ್ತಾರೆ.

ಬೇಕಂತಲೇ ಸೋಲುವುದು ಇನ್ನೂ ಕೆಟ್ಟದ್ದು. ಎಲೆ ತೋರಿಸುವಾಗ ಗೊತ್ತಾಗಿಯೇ ಗೊತ್ತಾಗುತ್ತದೆ, ಗೊತ್ತಾದ ಗಳಿಗೆಯಲ್ಲಿ ಗೆಳೆಯನಿಗೆ ನೀವು ದಾನ ಮಾಡಿದ ಹಾಗೆ. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ: ಪಾಟಿನಲ್ಲಿ ಮೂರನೆಯವನೊಬ್ಬ ಇರುತ್ತಾನೆ. ನೀವು ಒಬ್ಬನ ಮೇಲಿನ ಕರುಣೆಯಿಂದ ಅವನಿಗೆ ಬಿಟ್ಟುಕೊಟ್ಟರೆ ಆ ಮೂರನೆಯವನಿಗೆ ಮೋಸ ಆಗುತ್ತದೆ. ಅವನು ನಂಬಿ ಕೂತದ್ದು ಎಲ್ಲರೂ ತಂತಮ್ಮ ಪಾಡಿಗೆ ಪ್ರಾಮಾಣಿಕವಾಗಿ ಆಡುತ್ತಾರೆ ಅಂತ.

ಪೂರ್ಣ ಶಕ್ತಿಯಿಂದ ಆಡಿ. ಬದಲಾಯಿಸಬೇಕಾದದ್ದು ಆಟದ ಕಟ್ಟಳೆಯನ್ನು.

ನಮ್ಮ ಆಟ ಮತ್ತೆ ಶುರುವಾದದ್ದು ಹೀಗೆ. ಈಗ ಟೂರ್ನಮೆಂಟ್ ಮಾತ್ರ. ತಲೆಗೆ 500, ಅದು ಮುಗಿದರೆ ಔಟ್, ಮತ್ತೆ ಹಾಕುವ ಹಾಗಿಲ್ಲ. ಏಳು ಜನ ಬಂದರೆ 3500 ಆಗುತ್ತದೆ: ಮೊದಲನೆಯವನಿಗೆ 1500, ಎರಡನೆಯವನಿಗೆ 1000, ಮೂರನೆಯವನಿಗೆ ಅವನು ಹಾಕಿದ 500 ವಾಪಸ್, ಉಳಿದ 500 ತಿಂಡಿಗೆ. ಬ್ಲೈಂಡ್ ಕಾಲು ಗಂಟೆಗೊಮ್ಮೆ ಏರುತ್ತದೆ. ಬ್ಲೈಂಡಿಗೆ ಹೋಲಿಸಿದರೆ ಮುಂದಿರುವ ಚಿಪ್ಸ್ ಕಡಿಮೆಯಾದಷ್ಟೂ ನಿಮ್ಮ ಹೆಚ್ಚುಗಾರಿಕೆ ಕಡಿಮೆಯಾಗುತ್ತದೆ, ಮುಂದಿನ ಸುತ್ತುಗಳಿಗೆ ಯೋಚಿಸಲು ಜಾಗವೇ ಇರುವುದಿಲ್ಲ, ಎಲೆ ನೋಡಿ ಇದ್ದ ಚಿಪ್ಸನ್ನೆಲ್ಲ ತಳ್ಳಿ ಆಲ್-ಇನ್ ಅನ್ನಬೇಕು. ನಾನು ಈಗಲೂ ಎಲ್ಲರಿಗಿಂತ ಹೆಚ್ಚು ಸಲ ಮೊದಲ ಮೂರರಲ್ಲಿ ಇರುತ್ತೇನೆ, ಆದರೆ ಯಾವ ರಾತ್ರಿಯೂ ಪೋಕರಿನಲ್ಲಿ ಯಾರಿಗೂ 500ಕ್ಕಿಂತ ಹೆಚ್ಚು ಹೋಗುವುದಿಲ್ಲ. ಔಟ್ ಆದವರು ಎಲೆ ಹಂಚುತ್ತಾರೆ, ಇಲ್ಲ ಪಕ್ಕದಲ್ಲಿ ರಮ್ಮಿ ಹಾಕುತ್ತಾರೆ. ನಾಲ್ಕು ಎಲೆಯ ಓಮಾಹಾ ಆಡಿ, ಅದೃಷ್ಟ ಸಮವಾಗುತ್ತದೆ ಅಂತ ನಿಮಗೆ ಯಾರಾದರೂ ಹೇಳಬಹುದು. ಕೇಳಬೇಡಿ. ಅದರಲ್ಲಿ ಎಲ್ಲರಿಗೂ ಏನಾದರೊಂದು ಬಂದಿರುತ್ತದೆ, ಯಾರೂ ಬಿಡುವುದಿಲ್ಲ, ಪಾಟ್ ಉಬ್ಬುತ್ತದೆ, ಕಲಿಯದವನ ಸೋಲು ಇನ್ನೂ ದೊಡ್ಡದಾಗುತ್ತದೆ.

ದುಡ್ಡು ಮೊದಲೇ ಮೇಜಿನ ಮೇಲೆ, ನಗದು. ಸಾಲ ಇಲ್ಲ, ಹಾಗಾಗಿ ಪಟ್ಟಿಯೂ ಇಲ್ಲ. ಮನೆಯವರು ಪಾಟಿನಿಂದ ಪಾಲು ತೆಗೆಯುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಮಹಾರಾಷ್ಟ್ರದಲ್ಲಿ ಜೂಜಿಗೆ ಇಂದಿಗೂ 1887ರ ಕಾನೂನೇ ಇದೆ, ಲಾಭಕ್ಕಾಗಿ ಎಲೆ ಆಡಿಸುವ ಮನೆಯನ್ನು ಅದು ಜೂಜಿನ ಅಡ್ಡೆ ಎಂದೇ ನೋಡುತ್ತದೆ.

ಕಲಿಸಿಯೂ ಕಲಿಸಿ. ಸೋಲುವವರಿಗೆ ಆಟ ಹೇಳಿಕೊಡಬಾರದು ಅನ್ನುವುದು ದುಡ್ಡಿಗಾಗಿ ಆಡುವವರ ನೀತಿ, ಗೆಳೆಯರ ಮಧ್ಯೆ ಅದಕ್ಕೇನು ಕೆಲಸ? ಕೇಳಿದವರಿಗೆ ಮಾತ್ರ, ಆಟ ಇಲ್ಲದ ದಿನ, ಚಿಪ್ಸಿಗೆ ಬೆಲೆ ಇಡದೆ. ಕುಂದಾಪುರದ ಹುಡುಗನನ್ನು ನಾನು ವಾಪಸ್ ಕರೆದದ್ದು ಹಾಗೆಯೇ, ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದು. ಅವನ ಹೆಸರಿನ ಮುಂದಿದ್ದ ಮೊತ್ತವನ್ನು ಹಿಂದಕ್ಕೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ, ಕಲಿಸಿ ಸಾಕು ಅಂದ. ಈಗ ಅವನು ನನ್ನ ಬೆಟ್‌ಗೆ ಫೋಲ್ಡ್ ಮಾಡುತ್ತಾನೆ, ಕೆಲವೊಮ್ಮೆ ನನ್ನ ಮೇಲೆಯೇ ಬ್ಲಫ್ ಹಾಕುತ್ತಾನೆ, ನಾನು ಬಿಟ್ಟ ಮೇಲೆ ಎಲೆ ತೋರಿಸುತ್ತಾನೆ. ಅವನೆದುರು ಆಡುವುದು ಪಣಜಿಯ ಆ ರಾತ್ರಿಗಿಂತ ನನಗೆ ಇಷ್ಟ.

ನೀವು ಮೊದಲು ಮಾಡಬೇಕಾದ್ದು, ನಿಮ್ಮಲ್ಲಿ ಎಲ್ಲರಿಗಿಂತ ಮೊದಲು ಬರುವುದು ಬಿಟ್ಟವರಿಗೆ ಫೋನ್. ಏನು ಬದಲಾದರೆ ಬರುತ್ತೀರಿ ಅಂತ ಅವರನ್ನೇ ಕೇಳಿ, ಹೇಳಿದ್ದನ್ನು ವಾದ ಮಾಡದೆ ಒಪ್ಪಿಕೊಳ್ಳಿ. ಶೆಟ್ರು ಕೇಳಿದ್ದು ಒಂದೇ: ಕೊನೆಯ ಅರ್ಧ ಗಂಟೆ ತೀನ್ ಪತ್ತಿ ಇರಬೇಕು, ಆಟದ ಮೊದಲೇ ಎಲ್ಲರೂ ಹಾಕುವ ಬೂಟ್ ಹತ್ತು ರೂಪಾಯಿ. ಅದರಲ್ಲಿ ಅವರೇ ಹೆಚ್ಚು ಗೆಲ್ಲುತ್ತಾರೆ.