ಸಂಪರ್ಕವಿಲ್ಲದ ಹಳ್ಳಿಯ ಫಲಿತಾಂಶ

ಪ್ರಶ್ನೆ: ಕೆನ್ಯಾದಲ್ಲಿ ಮತಗಟ್ಟೆಯ ಫಲಿತಾಂಶವನ್ನು ಎಲೆಕ್ಟ್ರಾನಿಕ್ ಸಾಧನದ ಮೂಲಕ ರಾಜಧಾನಿಗೆ ಕಳುಹಿಸುತ್ತಾರೆಂದು ಓದಿದೆ. ಮೊಬೈಲ್ ಸಂಪರ್ಕ ಸರಿಯಿಲ್ಲದ ಹಳ್ಳಿಗಳ ಮತದಾರರಿಗೆ ಇದರಿಂದ ಅನ್ಯಾಯವಾಗುವುದಿಲ್ಲವೇ?

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. 2017ರ ಚುನಾವಣೆಗೆ ಮುನ್ನ, 40 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಪೈಕಿ ಸುಮಾರು 11 ಸಾವಿರ ಕಡೆ 3ಜಿ ಅಥವಾ 4ಜಿ ಸಂಪರ್ಕವಿಲ್ಲವೆಂದು ಅಲ್ಲಿನ ಚುನಾವಣಾ ಆಯೋಗವೇ ತಿಳಿಸಿತ್ತು; ಆ ಅಧ್ಯಕ್ಷೀಯ ಚುನಾವಣೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ ಫಲಿತಾಂಶ ರವಾನೆಯ ಲೋಪಗಳೂ ಕಾರಣಗಳಲ್ಲಿ ಸೇರಿದ್ದವು. ಆದರೆ ಅಲ್ಲಿ ಕಾಗದದ ಮತಪತ್ರಗಳನ್ನು ಮತಗಟ್ಟೆಯಲ್ಲಿಯೇ ಎಣಿಸಲಾಗುತ್ತದೆ ಮತ್ತು ಅಧಿಕಾರಿಯೂ ಪಕ್ಷಗಳ ಏಜೆಂಟರೂ ಸಹಿ ಹಾಕುವ 34ಎ ನಮೂನೆಯೇ ಅಧ್ಯಕ್ಷೀಯ ಮತಗಳ ಮೂಲ ದಾಖಲೆಯಾಗಿರುತ್ತದೆ ಎಂಬುದನ್ನು ಗಮನಿಸಬೇಕು. ಸಂಪರ್ಕ ತಡವಾದರೆ ಸುದ್ದಿ ತಡವಾಗುತ್ತದೆಯೇ ಹೊರತು ಎಣಿಕೆ ಅಳಿಸಿಹೋಗುವುದಿಲ್ಲ. 2022ರಲ್ಲಿ ಆಯೋಗವು ಈ ನಮೂನೆಗಳ ಚಿತ್ರಗಳನ್ನು ಸಾರ್ವಜನಿಕ ಜಾಲತಾಣದಲ್ಲಿ ಪ್ರಕಟಿಸಿತು; ಮಾಧ್ಯಮ ಸಂಸ್ಥೆಗಳು ಅವುಗಳನ್ನು ತಾವೇ ಕೂಡಿ ನೋಡಿದವು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಇಂಟರ್ನೆಟ್ ಬಳಸದ ಹಳ್ಳಿಗನಿಗೆ ಹೆಚ್ಚು ಬಲ ಕೊಡುವುದು ಮತಗಟ್ಟೆಯ ಬಾಗಿಲಿಗೆ ಅಂಟಿಸುವ ನಮೂನೆಯ ಪ್ರತಿಯೆಂದೇ ನನ್ನ ಅಭಿಪ್ರಾಯ. ಆ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಜಾಲತಾಣದ ಚಿತ್ರದೊಂದಿಗೆ ತಾಳೆ ನೋಡಲು ಊರಿನಲ್ಲಿ ಒಬ್ಬರ ಬಳಿ ಸ್ಮಾರ್ಟ್‌ಫೋನ್ ಇದ್ದರೂ ಸಾಕಾಗುತ್ತದೆ.